ದಿವಾನ್ ಮಿರ್ಜಾ: ಕೊಟ್ಟು ಲೆಕ್ಕ ಕೇಳಿದ ಆಡಳಿತಗಾರ

ಬೃಂದಾವನ ಉದ್ಯಾನವನ್ನು ನೋಡಿ ಬಂದವರು ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಸೌಂದರ್ಯಪ್ರಿಯ ದಿವಾನರೆಂದು ನೆನೆಯುತ್ತಾರೆ. ಅಗಲವಾದ ರಸ್ತೆಗಳು, ಹೂದೋಟಗಳು, ದೀಪಸಾಲುಗಳು, ಅಚ್ಚುಕಟ್ಟಾದ ವೃತ್ತಗಳು ಅವರ ಹೆಸರಿನೊಂದಿಗೆ ಬೆಸೆದುಕೊಂಡಿವೆ. ಆದರೆ ಅವರ ಬದುಕಿನ ಇನ್ನೂ ಮಹತ್ವದ ಅಧ್ಯಾಯ ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ. ಉದ್ಯಮಗಳಿಗೆ ಸಾರ್ವಜನಿಕರ ಹಣ ಕೊಡಬೇಕೆ, ಕೊಡುವುದಾದರೆ ಸರ್ಕಾರ ಪ್ರತಿಯಾಗಿ ಏನನ್ನು ಕೇಳಬೇಕು ಎಂಬ ಪ್ರಶ್ನೆಗೆ ಅವರು ತಮ್ಮ 15 ವರ್ಷಗಳ ಆಡಳಿತದಲ್ಲಿ ಉತ್ತರ ಹುಡುಕಿದರು. ಬಂಡವಾಳ ಸೆಳೆಯಲು ರಾಜ್ಯಗಳು ಸಹಾಯಧನ ಮತ್ತು ತೆರಿಗೆ ವಿನಾಯಿತಿಗಳ ಪೈಪೋಟಿಗೆ ಇಳಿದಿರುವ ಈ ದಿನಗಳಲ್ಲಿ ಆ ಹುಡುಕಾಟವನ್ನು ಮತ್ತೊಮ್ಮೆ ಗಮನಿಸುವುದು ಉಚಿತ.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನಲ್ಲಿ. ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದು ಇಲ್ಲಿ ನೆಲೆಸಿದ ಕುದುರೆ ವ್ಯಾಪಾರಿ. ತಂದೆ ಆಗಾ ಜಾನ್ ಮೈಸೂರು ಅರಮನೆಯ ಸೇವೆಯಲ್ಲಿದ್ದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದು ಕೀರ್ತಿ ಪಡೆದ ರಾಜಕುಮಾರನೊಂದಿಗೆ ಅರಮನೆಯ ಶಾಲೆಯಲ್ಲಿ ಕಲಿಯುವ ಅವಕಾಶ ಬಾಲಕ ಮಿರ್ಜಾಗೆ ಒದಗಿತು. ಆ ಸಹಪಾಠಿತನವೇ ಜೀವಮಾನದ ಸ್ನೇಹವಾಗಿ ಬೆಳೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು 1905ರಲ್ಲಿ ಸಂಸ್ಥಾನದ ಸೇವೆಗೆ ಸೇರಿದ ಅವರು, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರ ಮೇ ತಿಂಗಳಲ್ಲಿ ದಿವಾನರಾದರು. ಶಿಯಾ ಮುಸ್ಲಿಂ ಮನೆತನದ ದಿವಾನ, ಸಂಪ್ರದಾಯನಿಷ್ಠ ಹಿಂದೂ ಅರಸ. ಇವರಿಬ್ಬರ ನಡುವಿನ ಪರಸ್ಪರ ವಿಶ್ವಾಸ ಆ ಕಾಲದ ಮೈಸೂರಿನ ಆಡಳಿತಕ್ಕೆ ಆಧಾರಸ್ತಂಭವಾಗಿತ್ತು.

ಅವರ ಕೈಗೆ ಬಂದ ರಾಜ್ಯದ ಆರ್ಥಿಕ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳದೆ ಮುಂದಿನದು ತಿಳಿಯದು. ಅಂದಿನ ಮೈಸೂರು ಸಮುದ್ರವಿಲ್ಲದ ಒಂದು ದ್ವೀಪ. ಸುತ್ತಲೂ ಬ್ರಿಟಿಷ್ ಆಡಳಿತದ ಪ್ರದೇಶ. ಸ್ವಂತ ಬಂದರಿಲ್ಲ; ಭಟ್ಕಳದಲ್ಲಿ ಒಂದು ಬಂದರು ಬೇಕೆಂಬ ಬಹುಕಾಲದ ಆಸೆ ಕೈಗೂಡಲಿಲ್ಲ. ನಾಣ್ಯ ತನ್ನದಲ್ಲ. ಮೈಸೂರಿಗರು ಕೊಂಡ ವಿದೇಶಿ ಸರಕಿನ ಸುಂಕ ಬ್ರಿಟಿಷ್ ಬಂದರುಗಳಲ್ಲೇ ಸಂಗ್ರಹವಾಗಿ ಭಾರತ ಸರ್ಕಾರದ ಬೊಕ್ಕಸ ಸೇರುತ್ತಿತ್ತು. ಅದರ ಮೇಲೆ ವರ್ಷಕ್ಕೆ 35 ಲಕ್ಷ ರೂಪಾಯಿಗಳ ಕಪ್ಪ ಬೇರೆ. ಲಾರ್ಡ್ ಇರ್ವಿನ್ 1927ರಲ್ಲಿ ಮೈಸೂರಿಗೆ ಬಂದಾಗ ಅದರಲ್ಲಿ ಹತ್ತೂವರೆ ಲಕ್ಷ ಇಳಿಸಿದ್ದು ಸಂಸ್ಥಾನಕ್ಕೆ ದೊಡ್ಡ ನಿರಾಳವಾಗಿತ್ತು.

ಮಾರಿಷಸ್‌ನಂತಹ ಸಣ್ಣ ದ್ವೀಪರಾಷ್ಟ್ರಗಳು ಇಂದಿಗೂ ಎದುರಿಸುವ ತೊಡಕುಗಳೆಲ್ಲ ಇಲ್ಲಿದ್ದವು: ಚಿಕ್ಕ ಮಾರುಕಟ್ಟೆ, ದುಬಾರಿ ಸಾಗಣೆ, ಹೊರಗಿನ ಬಂಡವಾಳಕ್ಕಾಗಿ ಕಾಯುವ ಅನಿವಾರ್ಯತೆ. ಆ ರಾಷ್ಟ್ರಗಳಿಗೆ ಆಮದು ಸುಂಕ ವಿಧಿಸುವ ಹಕ್ಕಾದರೂ ಉಂಟು. ಮೈಸೂರಿಗೆ ಅದೂ ಇರಲಿಲ್ಲ. ತನ್ನ ಉದ್ಯಮವನ್ನು ಸುಂಕದ ಗೋಡೆ ಕಟ್ಟಿ ಕಾಪಾಡಲಾಗದ ಸರ್ಕಾರಕ್ಕೆ ಉಳಿದಿದ್ದು ಐದೇ ಸಾಧನಗಳು: ಜಮೀನು, ಕಾಡಿನ ಉತ್ಪನ್ನ, ಶಿವನಸಮುದ್ರದ ವಿದ್ಯುತ್, ಸರ್ಕಾರಿ ಖರೀದಿ ಮತ್ತು ಬೊಕ್ಕಸದ ಹಣ.

ಈ ಸಾಧನಗಳನ್ನು ಮೊದಲು ವ್ಯವಸ್ಥಿತವಾಗಿ ಬಳಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಸರ್ಕಾರದ ಆಶ್ರಯದಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಯಾಯಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ, ಕೊರಡುಗಳನ್ನು ಮಾರುವ ಬದಲು ಎಣ್ಣೆ ತೆಗೆಯುವ ಕಾರ್ಖಾನೆಗಳು ಬೆಂಗಳೂರಿನಲ್ಲೂ ಮೈಸೂರು ನಗರದಲ್ಲೂ ಆರಂಭವಾದವು. ಸೋಪು ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಳು ಅದೇ ಹಾದಿಯವು. ಇವುಗಳಲ್ಲಿ ಹೆಚ್ಚಿನವಕ್ಕೆ ಸರ್ಕಾರವೇ ಮಾಲೀಕ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ ಕಾರ್ಖಾನೆ ನಷ್ಟದಲ್ಲೇ ನಡೆಯುತ್ತಿತ್ತು. ಅದನ್ನು ಮುಚ್ಚಬೇಕೆ, ಸಾಕಬೇಕೆ ಎಂಬುದು ಹೊಸ ದಿವಾನರ ಮುಂದಿದ್ದ ಕಠಿಣ ಪ್ರಶ್ನೆಗಳಲ್ಲಿ ಒಂದು. ಮಿರ್ಜಾ ಅದನ್ನು ಮುಚ್ಚಲಿಲ್ಲ. ಬರಿಯ ಬೀಡುಕಬ್ಬಿಣದಲ್ಲಿ ಲಾಭವಿಲ್ಲವೆಂದು ಕಂಡು ಉಕ್ಕು ಮತ್ತು ಸಿಮೆಂಟಿನ ಉತ್ಪಾದನೆಗೆ ವ್ಯವಸ್ಥೆ ಮಾಡಿಸಿದರು. ಆದರೆ ಹೊಸ ಉದ್ಯಮಗಳಿಗೆ ಅವರು ಆರಿಸಿಕೊಂಡ ಮಾರ್ಗ ಬೇರೆ.

ಆ ಮಾರ್ಗ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮಂಡ್ಯದಲ್ಲಿ. ಕನ್ನಂಬಾಡಿಯ ನೀರನ್ನು ಬಯಲಿಗೆ ಹರಿಸಿದ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಮಿರ್ಜಾ ಕಾಲದ ಕಾಮಗಾರಿ. ನೀರು ಬಂದಾಗ ಜಗತ್ತಿನಾದ್ಯಂತ ಬೆಲೆ ಕುಸಿದಿತ್ತು. ರೈತ ಏನು ಬೆಳೆದರೆ ಬದುಕಿಯಾನು? ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬು ಎಂದರು. 1932ರಲ್ಲಿ ಭಾರತ ಸರ್ಕಾರ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಿತು. ಮೈಸೂರು ತಾನಾಗಿ ಹಾಕಿಕೊಳ್ಳಲಾಗದ ಗೋಡೆಯನ್ನು ಬೇರೆಯವರು ಕಟ್ಟಿದ್ದರು. ಅವಕಾಶವನ್ನು ಮಿರ್ಜಾ ಕೈಬಿಡಲಿಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದು ಸರ್ಕಾರಿ ಇಲಾಖೆಯೂ ಅಲ್ಲ, ಒಬ್ಬ ಸಾಹುಕಾರನ ಸ್ವತ್ತೂ ಅಲ್ಲ. ಸರ್ಕಾರ ಷೇರು ಹಾಕಿದ, ಸಾರ್ವಜನಿಕರೂ ಷೇರು ಕೊಂಡ ಕಂಪನಿ.

ಇಲ್ಲಿ ತುಸು ನಿಲ್ಲಬೇಕು. ನೆರೆಯ ಮದ್ರಾಸ್ ಪ್ರಾಂತವೂ 1922ರಲ್ಲೇ ಕೈಗಾರಿಕೆಗಳಿಗೆ ನೆರವು ನೀಡುವ ಕಾಯ್ದೆ ಮಾಡಿತ್ತು. ಆದ್ದರಿಂದ ನೆರವು ಎಂಬುದು ಮೈಸೂರಿನ ಆವಿಷ್ಕಾರವೇನಲ್ಲ. ಸಾಲ ಕೊಟ್ಟವನಿಗೆ ಬಡ್ಡಿಯಷ್ಟೇ ಸಿಗುತ್ತದೆ. ದಾನ ಕೊಟ್ಟವನಿಗೆ ಅದೂ ಇಲ್ಲ. ಷೇರು ಹಾಕಿದವನಿಗೆ ಲಾಭದಲ್ಲಿ ಪಾಲುಂಟು, ಆಡಳಿತ ಮಂಡಳಿಯಲ್ಲಿ ಸ್ಥಾನವುಂಟು, ಲೆಕ್ಕ ಕೇಳುವ ಹಕ್ಕುಂಟು. ಮಿರ್ಜಾ ಕಾಲದ ಪ್ರಮುಖ ಕಂಪನಿಗಳಲ್ಲಿ ಸರ್ಕಾರದ ನೆರವು ಬಹುಮಟ್ಟಿಗೆ ಈ ಮೂರನೆಯ ರೂಪ ತಾಳಿತು. ಅದಕ್ಕೆ ಇನ್ನೊಂದು ಪ್ರಯೋಜನವೂ ಇತ್ತು. ಸರ್ಕಾರವೇ ಪಾಲುದಾರನೆಂದು ತಿಳಿದಾಗ, ಉಳಿತಾಯವನ್ನು ಚಿನ್ನಕ್ಕೋ ಜಮೀನಿಗೋ ಸುರಿಯುತ್ತಿದ್ದ ಮಧ್ಯಮವರ್ಗದವರು ಷೇರು ಕೊಳ್ಳಲು ಧೈರ್ಯ ಮಾಡಿದರು. ಬಂಡವಾಳ ಹೊರಗಿನಿಂದಲೇ ಬರಬೇಕೆಂಬ ಅವಲಂಬನೆ ಅಷ್ಟರಮಟ್ಟಿಗೆ ತಗ್ಗಿತು.

ಮುಂದಿನ ಕೆಲವೇ ವರ್ಷಗಳಲ್ಲಿ ಉದ್ಯಮಗಳ ಸಾಲೇ ಎದ್ದಿತು. 1936ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೂ ಬೆಂಗಳೂರಿನ ಮೈಸೂರು ಲ್ಯಾಂಪ್ಸ್‌ಗೂ ಅಡಿಪಾಯ ಬಿತ್ತು. ಚನ್ನಪಟ್ಟಣದಲ್ಲಿ ರೇಷ್ಮೆ ನೂಲಿನ ಗಿರಣಿ, ಮೈಸೂರಿನ ಸಮೀಪ ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರದ ಕಾರ್ಖಾನೆ ಬಂದವು. ಮೈಸೂರು ನಗರದಲ್ಲಿ 1937ರಲ್ಲಿ, ಕಾಡಿನಲ್ಲಿ ಸಿಗುವ ಅರಗನ್ನು ಬಳಸಿಕೊಳ್ಳಲು ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಮುಂದೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಒದಗಿಸುತ್ತ ಬಂದಿರುವುದು ಇದೇ ಕಾರ್ಖಾನೆ. ದೊಡ್ಡ ಯಂತ್ರಗಳ ನಡುವೆ ಸಣ್ಣವರನ್ನೂ ಅವರು ಮರೆಯಲಿಲ್ಲ. ನಂಜನಗೂಡಿನ ಬಳಿಯ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಿಂದಲೇ ಸರ್ಕಾರದ ಬೆಂಬಲವಿತ್ತು.

ನೆರವಿನ ಮಿತಿ ಏನೆಂಬುದೂ ಅವರಿಗೆ ಅನುಭವಕ್ಕೆ ಬಂತು. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ತೆರೆಯಬೇಕೆಂದು ವಿಶ್ವೇಶ್ವರಯ್ಯ ಮತ್ತು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಪ್ರಯತ್ನಿಸಿದಾಗ ಮೈಸೂರು ಸರ್ಕಾರ ಬೆಂಬಲಕ್ಕೆ ಮುಂದಾಗಿತ್ತು. ಭಾರತ ಸರ್ಕಾರದ ಅಸಮ್ಮತಿಯಿಂದ ಅದು ಕೈಗೂಡಲಿಲ್ಲ. ವಾಲ್‌ಚಂದ್ ಅವರ ಮೋಟಾರು ಕಂಪನಿ ಕೊನೆಗೆ ಮುಂಬೈಯಲ್ಲಿ ಸ್ಥಾಪನೆಯಾಯಿತು. ಆದರೆ ವಿಮಾನ ಕಾರ್ಖಾನೆಯ ವಿಚಾರದಲ್ಲಿ ಯುದ್ಧದ ಅಗತ್ಯ ಮೈಸೂರಿಗೆ ನೆರವಾಯಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ಸ್ಥಾಪನೆಯಾದಾಗ ಮೈಸೂರು ಸರ್ಕಾರ ಅದರ ಪಾಲುದಾರ. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ರೂಪಾಯಿಗಳನ್ನು ತೊಡಗಿಸಿತು. ಬೆಂಗಳೂರಿನ ಮುಂದಿನ ಕೈಗಾರಿಕಾ ಚರಿತ್ರೆಯ ಒಂದು ಬೇರು ಅಲ್ಲಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸ್ತುತಿಯಾದೀತು, ಚರಿತ್ರೆಯಾಗದು. ಮಿರ್ಜಾ ಉದಾರಿ, ದಕ್ಷ, ಶುದ್ಧಹಸ್ತ, ಆದರೆ ಪ್ರಜಾಪ್ರಭುತ್ವವಾದಿಯಲ್ಲ. ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಅವರ ಆಡಳಿತ ಸ್ಪಂದಿಸಿದ್ದು ನಿಧಾನವಾಗಿ, ಒಲ್ಲದ ಮನಸ್ಸಿನಿಂದ. ನಾಲೆ ಮತ್ತು ಸಕ್ಕರೆ ಕಾರ್ಖಾನೆಯ ಫಲವುಂಡ ಮಂಡ್ಯ ಸೀಮೆಯಲ್ಲೇ, ಮದ್ದೂರಿನ ಶಿವಪುರದಲ್ಲಿ, 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನರು ಬಲಿಯಾದರು. ಹೊಟ್ಟೆಗೆ ಹಿಟ್ಟು ಕೊಟ್ಟ ಸರ್ಕಾರವನ್ನು ಪ್ರಶ್ನಿಸುವ ಹಕ್ಕೂ ತಮಗೆ ಬೇಕೆಂದು ಜನ ಕೇಳಿದರು. ಅದಕ್ಕೆ ಮಿರ್ಜಾ ಆಡಳಿತದ ಬಳಿ ಸಮರ್ಪಕ ಉತ್ತರವಿರಲಿಲ್ಲ.

ಅವರ ಉದ್ಯಮ ನೀತಿಯ ದೌರ್ಬಲ್ಯವೂ ಇಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ. ನೆರವಿನ ಷರತ್ತುಗಳನ್ನು ಕಾಯುತ್ತಿದ್ದುದು ಜನರಿಗೆ ಉತ್ತರದಾಯಿಯಾದ ಸಂಸ್ಥೆಯಲ್ಲ, ಒಬ್ಬ ದಿವಾನನ ಎಚ್ಚರದ ಕಣ್ಣು. ಆ ಕಣ್ಣು ಸರಿದ ಮೇಲೆ ಲೆಕ್ಕ ಕೇಳುವವರು ಯಾರು? ಒಂದು ಉದ್ಯಮ ತನ್ನ ಕಾಲ ಮೇಲೆ ನಿಂತ ನಂತರ ಸರ್ಕಾರ ಯಾವಾಗ, ಹೇಗೆ ಹಿಂದೆ ಸರಿಯಬೇಕು? ನಿಲ್ಲಲಾಗದಿದ್ದರೆ ಯಾವಾಗ ಕೈಬಿಡಬೇಕು? ಈ ಪ್ರಶ್ನೆಗಳಿಗೆ ಆ ನೀತಿಯಲ್ಲಿ ಸ್ಪಷ್ಟ ಉತ್ತರವಿರಲಿಲ್ಲ.

ಆ ಕಣ್ಣು ಬೇಗನೆ ಸರಿಯಿತು. 1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ನಿಧನರಾದರು. ಯುವ ಮಹಾರಾಜ ಜಯಚಾಮರಾಜ ಒಡೆಯರ್ ಅವರೊಂದಿಗೆ ಹೊಂದಾಣಿಕೆ ಸಾಧ್ಯವಾಗದೆ ಮಿರ್ಜಾ 1941ರಲ್ಲಿ ರಾಜೀನಾಮೆ ನೀಡಿದರು. ಬಳಿಕ ಜೈಪುರದ ಪ್ರಧಾನಿಯಾದರು. ಅಲ್ಲಿನ ಮುಖ್ಯ ರಸ್ತೆ ಇಂದಿಗೂ ಅವರ ಹೆಸರಿನದು. 1946ರಲ್ಲಿ ಹೈದರಾಬಾದಿಗೆ ಹೋಗಿ, ಭಾರತದೊಂದಿಗೆ ನಿಜಾಮರನ್ನು ಹೊಂದಿಸುವ ಯತ್ನ ಫಲಿಸದೆ ವರ್ಷ ತುಂಬುವ ಮೊದಲೇ ಹೊರಬಂದರು. 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ, ಆಗತಾನೆ ಸ್ವತಂತ್ರವಾಗಿದ್ದ ದ್ವೀಪರಾಷ್ಟ್ರ ಇಂಡೊನೇಷ್ಯಾಕ್ಕೆ ತೆರಳಿದರು. 1954ರಲ್ಲಿ ಆತ್ಮಕಥನ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಅವರ ಉದ್ಯಮಗಳ ಮುಂದಿನ ಕಥೆ ಮಿಶ್ರಫಲದ್ದು. ವಿಮಾನ ಕಾರ್ಖಾನೆ ದೇಶದ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಮೈಸೂರಿನ ಬಣ್ಣದ ಕಾರ್ಖಾನೆ ಸರ್ಕಾರಿ ಸ್ವಾಮ್ಯದಲ್ಲಿ ಉಳಿದು, ವಿದೇಶಗಳಿಗೂ ಶಾಯಿ ಕಳಿಸುತ್ತಿದೆ. ಆದರೆ ಮೈಸೂರು ಲ್ಯಾಂಪ್ಸ್ ಬಾಗಿಲು ಮುಚ್ಚಿ ಎರಡು ದಶಕಗಳೇ ಕಳೆದವು. ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಮಂಡ್ಯದ ಮೈಷುಗರ್ ಹಲವು ವರ್ಷ ಸ್ಥಗಿತಗೊಂಡು, ಖಾಸಗೀಕರಣಕ್ಕೆ ರೈತರು ಒಡ್ಡಿದ ವಿರೋಧದ ನಂತರ, 2022ರಲ್ಲಿ ಸರ್ಕಾರದ ಹಣದಿಂದಲೇ ಮತ್ತೆ ಕಬ್ಬು ಅರೆಯತೊಡಗಿತು. ಈ ಸೋಲುಗಳ ಹೊಣೆಯನ್ನು ಎಂಟು ದಶಕಗಳ ಹಿಂದೆ ಅಧಿಕಾರ ಬಿಟ್ಟವರ ಮೇಲೆ ಹೊರಿಸುವುದು ನ್ಯಾಯವಲ್ಲ. ತಂತ್ರಜ್ಞಾನ ಬದಲಾದಾಗ ಬದಲಾಗದ, ಮೇಲಿಂದ ಮೇಲೆ ಹಣ ಪಡೆದರೂ ಲೆಕ್ಕ ಒಪ್ಪಿಸದ ಆಡಳಿತಗಳ ಪಾಲು ಇದರಲ್ಲಿ ದೊಡ್ಡದು.

ಕರ್ನಾಟಕದ 2025-30ರ ಕೈಗಾರಿಕಾ ನೀತಿ ಹೂಡಿಕೆದಾರರಿಗೆ ಬಂಡವಾಳ ಸಹಾಯಧನ ಅಥವಾ ಉತ್ಪಾದನೆ ಆಧರಿಸಿದ ಪ್ರೋತ್ಸಾಹಧನದ ಆಯ್ಕೆ ನೀಡಿದೆ. ಬೆಂಗಳೂರಿನ ಹೊರಗೆ, ಮೈಸೂರಿನಂತಹ ನಗರಗಳಿಗೆ ಉದ್ಯಮಗಳು ಬರಬೇಕೆಂಬ ಆಶಯವನ್ನು ವಿರೋಧಿಸುವವರು ಯಾರೂ ಇರಲಾರರು. ಆದರೆ ಸಹಾಯಧನ ಪಡೆದ ಕಂಪನಿ ಗಳಿಸಿದಾಗ ಬೊಕ್ಕಸಕ್ಕೆ ಪಾಲುಂಟೆ? ಭರವಸೆ ಕೊಟ್ಟಷ್ಟು ಉದ್ಯೋಗ ಕೊಡದಿದ್ದರೆ ಕೊಟ್ಟ ಹಣ ಹಿಂದಕ್ಕೆ ಬರುವುದೆ? ಯಾರಿಗೆ ಎಷ್ಟು ಕೊಟ್ಟೆವು, ಫಲವೇನು ಬಂತು ಎಂಬ ವಿವರ ಪ್ರತಿವರ್ಷ ಶಾಸನಸಭೆಯ ಮುಂದೆ, ಸಾಮಾನ್ಯ ಓದುಗನಿಗೂ ತಿಳಿಯುವ ಭಾಷೆಯಲ್ಲಿ ಇರಬೇಡವೆ?

ಮಿರ್ಜಾ ಇಂತಹ ಪ್ರಶ್ನೆಗಳನ್ನು ದಿವಾನಗಿರಿಯ ಅಧಿಕಾರದಿಂದ ಕೇಳಬಲ್ಲವರಾಗಿದ್ದರು. ನಮಗೆ ದಿವಾನರಿಲ್ಲ, ಬೇಕಾಗಿಯೂ ಇಲ್ಲ. ಅವರ ಕಾಲದ ಮೈಸೂರಿಗರಿಗೆ ಇರದಿದ್ದ ಸಾರ್ವತ್ರಿಕ ಮತದಾನದ ಹಕ್ಕು ನಮಗಿದೆ, ಮಾಹಿತಿ ಹಕ್ಕಿದೆ, ಚುನಾಯಿತ ಪ್ರತಿನಿಧಿಗಳಿದ್ದಾರೆ. ಮತ ಹಾಕಿದ ಗುರುತಾಗಿ ಬೆರಳಿಗೆ ಅಂಟುವ ಶಾಯಿ ಮಿರ್ಜಾ ಕಾಲದ ಕಾರ್ಖಾನೆಯದು. ಆ ಮತದ ಬಲದಿಂದ ಲೆಕ್ಕ ಕೇಳುವ ಕೆಲಸ ಮಾತ್ರ ನಮ್ಮದು.