ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ವಿದ್ಯಾದಾನ

ಅಕ್ಷರವನ್ನು ಕಣ್ಣಿನಿಂದ ಕಂಡು ಕೈಯಿಂದ ತಿದ್ದಿ ಕಲಿಯುವುದು ಪಾಠಶಾಲೆಗಳ ರೂಢಿ. ದೃಷ್ಟಿಯಿಲ್ಲದ ಬಾಲಕನಿಗೆ ಆ ಮಾರ್ಗವು ಮುಚ್ಚಿದ ಬಾಗಿಲು. ಅಂತಹ ಮಕ್ಕಳಿಗೆ ಕಿವಿಯ ದಾರಿಯಿಂದ ವಿದ್ಯೆಯನ್ನಿತ್ತ ಮಹನೀಯರು ಲಿಂಗೈಕ್ಯ ಶ್ರೀ ಪಂಚಾಕ್ಷರಿ ಗವಾಯಿಗಳವರು.

ಇವರು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಮೊದಲಿನ ಹೆಸರು ಗದಿಗೆಯ್ಯ. ಇವರೂ ಅಣ್ಣ ಗುರುಬಸಯ್ಯನವರೂ ಹುಟ್ಟುಕುರುಡರು. ಅಂದು ಬಡವರ ಮನೆಯ ಅಂಧ ಬಾಲಕನಿಗೆ ಭಿಕ್ಷೆಯಲ್ಲದೆ ಅನ್ಯ ಗತಿ ತೋರುತ್ತಿರಲಿಲ್ಲ. ಈ ಸೋದರರ ಗಾಯನವನ್ನಾಲಿಸಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ಇಲ್ಲದ ಕಣ್ಣನ್ನೆಣಿಸದೆ ಇದ್ದ ಕಂಠವನ್ನು ಗುರುತಿಸಿದರು. ಆಶ್ರಯವಿತ್ತು ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗದಿಗೆಯ್ಯನವರು ಕರ್ನಾಟಕ, ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾಗಿ ಪಂಚಾಕ್ಷರಿ ಗವಾಯಿಗಳೆನಿಸಿದರು.

ಗುರುವಿನಿಂದ ತಾವು ಪಡೆದ ಈ ದೃಷ್ಟಿಯನ್ನೇ ಅವರು ತಮ್ಮ ಬೋಧನೆಯ ಮೂಲಸೂತ್ರವನ್ನಾಗಿ ಮಾಡಿಕೊಂಡರು. ಶಿಷ್ಯನಿಗೆ ಏನಿಲ್ಲವೆಂಬುದಲ್ಲ, ಏನಿದೆಯೆಂಬುದೇ ಪಾಠದ ಆರಂಭ. ಅಂಧನಿಗೆ ಕಿವಿಯೇ ಪಾಟಿ, ನೆನಪೇ ಪುಸ್ತಕ. ಗುರುಮುಖದಿಂದ ಕೇಳಿದ ಸ್ವರವನ್ನು ಮರಳಿ ಮರಳಿ ಹಾಡಿ ನೆಲೆಗೊಳಿಸುವುದು, ವಾದ್ಯವನ್ನು ಬೆರಳಿನ ಸ್ಪರ್ಶದಿಂದ ಅರಿಯುವುದು ಅಲ್ಲಿಯ ಅಭ್ಯಾಸ. ಕಣ್ಣುಳ್ಳವರೂ ಇಲ್ಲದವರೂ ಜಾತಿಭೇದವಿಲ್ಲದೆ ಒಂದೇ ಗುರುಕುಲದಲ್ಲಿ ಕಲಿತರು.

ಕಲಿಸುವುದಕ್ಕಿಂತ ಮಕ್ಕಳಿಗೆ ಅನ್ನವನ್ನೊದಗಿಸುವುದೇ ದುಸ್ತರವಾಗಿದ್ದಿತು. 1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಭಾರವೆಲ್ಲವೂ ಇವರ ಹೆಗಲಿಗೇ ಬಂದಿತು. ಶಿಷ್ಯರೊಡನೆ ಊರೂರು ಸಂಚರಿಸಿದರು. ನಾಟಕ ಮಂಡಳಿಯನ್ನೂ ನಡೆಸಿದರು. ಕಛೇರಿಗಳಿಂದ ಬಂದುದನ್ನು ಸ್ವಂತಕ್ಕೆ ಬಳಸದೆ ಶಿಷ್ಯರ ಪೋಷಣೆಗೇ ಸಲ್ಲಿಸಿದ ನೈಷ್ಠಿಕ ಬ್ರಹ್ಮಚಾರಿಗಳವರು. ಕಡೆಗೆ ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವು ಈ ಸಂಚಾರಿ ಗುರುಕುಲಕ್ಕೆ ನೆಲೆಯಾಯಿತು.

1944ರಲ್ಲಿ ಅವರು ಲಿಂಗೈಕ್ಯರಾದಾಗ ವಿದ್ಯೆಯು ಅನಾಥವಾಗಲಿಲ್ಲ. 1914ರಲ್ಲಿ ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಶಿಷ್ಯ ಶ್ರೀ ಪುಟ್ಟರಾಜ ಗವಾಯಿಗಳವರು ಆಶ್ರಮದ ಹೊಣೆಯನ್ನು ಹೊತ್ತು 2010ರವರೆಗೂ ನಿರ್ವಹಿಸಿದರು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡ ಮೊದಲಾದ ಶಿಷ್ಯರು ಗುರುವಿನ ಕೀರ್ತಿಯನ್ನು ನಾಡಿನಲ್ಲೆಲ್ಲ ಬೆಳಗಿದರು.

ದಾಸೋಹವೆಂದರೆ ಅನ್ನವಷ್ಟೇ ಅಲ್ಲ, ಅರಿವೂ ಹೌದು. ಬೇಡುವುದಕ್ಕೆ ಚಾಚಬೇಕಾಗಿದ್ದ ಕೈಗೆ ತಂಬೂರಿಯನ್ನಿತ್ತು ಅದನ್ನು ಕಾಯಕದ ಕೈಯನ್ನಾಗಿ ಮಾಡಿದ ಈ ಗುರುವಿನ ಮಾರ್ಗವು ಮಠಗಳ ಪಾಠಶಾಲೆಗಳಿಗೆ ಸದಾ ಆದರ್ಶವಾಗಿರಲಿ. ಮಂದನೆಂದು ಕಡೆಯ ಸಾಲಿನಲ್ಲಿ ಕುಳ್ಳಿರಿಸಿದ ಬಾಲಕನಲ್ಲಿಯೂ ತೆರೆದಿರುವ ದಾರಿ ಯಾವುದೆಂದು ಹುಡುಕುವುದೇ ಆ ಮಹನೀಯರಿಗೆ ಸಲ್ಲಿಸುವ ನಿಜವಾದ ಭಕ್ತಿ.