ಮನ ಗೆದ್ದು ಮತ ತಿಳಿಸಿದ ಹುಮನಾಬಾದಿನ ಮಾಣಿಕಪ್ರಭು

ಹುಮನಾಬಾದ್ ಎಂದೊಡನೆ ನಾಡಿನ ಬಹುಪಾಲು ಜನರಿಗೆ ವೀರಭದ್ರೇಶ್ವರನ ದೇಗುಲ ನೆನಪಾಗುತ್ತದೆ. ಅದೇ ಪಟ್ಟಣದ ಸಮೀಪದಲ್ಲಿ, ಗುರುಗಂಗಾ ಮತ್ತು ವಿರಜಾ ಎಂಬ ಎರಡು ಹೊಳೆಗಳು ಕೂಡುವ ಎಡೆಯಲ್ಲಿ ಮಾಣಿಕನಗರವೆಂಬ ಪುಟ್ಟ ಊರಿದೆ. ಮಾರ್ಗಶಿರ ಮಾಸದ ದತ್ತ ಜಯಂತಿ ಬಂತೆಂದರೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಊರುಗಳಿಂದ ಭಕ್ತರು ಇಲ್ಲಿಗೆ ಬಂದು ಸೇರುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಊರನ್ನು ನೆಲೆಗೊಳಿಸಿದವರು ಮಾಣಿಕಪ್ರಭು. ಜಗತ್ತಿನ ಎಲ್ಲ ಮತಗಳೂ ಒಂದೇ ಸತ್ಯದ ಕಡೆಗೆ ಹೋಗುವ ದಾರಿಗಳು ಎಂಬ ವಿಚಾರವನ್ನು ಅವರು ಜನರ ಮುಂದಿಟ್ಟರು. ವಿಚಾರ ಹೊಸದೇನಲ್ಲ. ಅದನ್ನು ಜನ ಒಪ್ಪುವಂತೆ ಮಾಡಿದ ಅವರ ಬಗೆ ಮಾತ್ರ ಇಂದಿಗೂ ಗಮನಿಸತಕ್ಕದ್ದು.

ಮಾಣಿಕಪ್ರಭುಗಳು ಜನಿಸಿದ್ದು 1817ರ ಡಿಸೆಂಬರ್ 22ರಂದು, ಇಂದಿನ ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿ ಗ್ರಾಮದಲ್ಲಿ. ಅಂದು ದತ್ತ ಜಯಂತಿ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಹನುಮಂತ ಮತ್ತು ನೃಸಿಂಹ ಒಡಹುಟ್ಟಿದವರು. ಬಾಲ್ಯ ಕಳೆದದ್ದು ಕಲ್ಯಾಣಿಯೆಂದು ಕರೆಯಲಾಗುತ್ತಿದ್ದ ಇಂದಿನ ಬಸವಕಲ್ಯಾಣದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ನಾನಾ ಕಾಯಕದ ಜನರನ್ನು ಒಂದೆಡೆ ಕೂಡಿಸಿದ ನೆಲವದು. ಮಾಣಿಕಪ್ರಭುಗಳ ಕಾಲಕ್ಕೆ ಅಲ್ಲಿ ನವಾಬರ ಆಡಳಿತವಿತ್ತು. ಸುತ್ತಲಿನ ಸೀಮೆ ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿತ್ತು.

ಹುಡುಗ ಓದುಬರಹದಲ್ಲಿ ಮನಸ್ಸಿಡದೆ ಕಾಡುಮೇಡು ಅಲೆಯುತ್ತಿದ್ದ, ಜಾತಿ ನೋಡದೆ ಓರಗೆಯ ಮಕ್ಕಳೊಡನೆ ಆಡುತ್ತಿದ್ದ ಎಂದು ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. ನವಾಬರ ಆಡಳಿತದಲ್ಲಿ ಉದ್ಯೋಗದಲ್ಲಿದ್ದ ಸೋದರಮಾವ ಸುಂಕದ ಕಟ್ಟೆಯಲ್ಲಿ ಕೆಲಸ ಕೊಡಿಸಿದರಂತೆ. ಆ ಕೆಲಸ ತರುಣನಿಗೆ ಒಗ್ಗಲಿಲ್ಲ. ಮಾವನ ಬೈಗುಳ ಕೇಳಿ ಅವರು ಮನೆ ಬಿಟ್ಟು ಹೊರಟರೆಂದೂ, ಊರೂರು, ಕ್ಷೇತ್ರ ಕ್ಷೇತ್ರ ಸುತ್ತಿದರೆಂದೂ ಪ್ರತೀತಿ. ಹಲವು ವರ್ಷಗಳ ಸಂಚಾರದ ಬಳಿಕ 1845ರಲ್ಲಿ ಹುಮನಾಬಾದಿನ ಬಳಿಯ ಸಂಗಮದಲ್ಲಿ ನೆಲೆನಿಂತರು. ಆಗ ಅವರಿಗೆ ಇಪ್ಪತ್ತೆಂಟು ವರ್ಷವೂ ತುಂಬಿರಲಿಲ್ಲ.

ಅವರು ಆರಿಸಿಕೊಂಡ ಜಾಗದ ಮಹತ್ವವನ್ನು ಅರಿಯಬೇಕಾದರೆ ಈ ಸೀಮೆಯನ್ನು ಅರಿಯಬೇಕು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುವ ಭಾಷೆಗಳು. ಒಂದು ಕಡೆ ಬಸವಣ್ಣನವರ ಕಲ್ಯಾಣ, ಇನ್ನೊಂದು ಕಡೆ ಕಲಬುರಗಿಯ ಖಾಜಾ ಬಂದೇನವಾಜರ ದರ್ಗಾ, ಮತ್ತೊಂದು ಕಡೆ ದತ್ತಭಕ್ತರ ಗಾಣಗಾಪುರ. ಇಂತಹ ನೆಲದಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಆದರೆ ನನ್ನ ದೇವರು ನಿನ್ನ ದೇವರು ಎಂಬ ಬಿಗುಮಾನವೂ ಅಷ್ಟೇ ಇತ್ತು. ಎಲ್ಲ ಮತಗಳೂ ಒಂದೇ ಎಂದು ಹೇಳಹೊರಟವನನ್ನು ಎಲ್ಲ ಮತದವರೂ ಅನುಮಾನದಿಂದಲೇ ನೋಡುವ ಅಪಾಯವಿತ್ತು. ತಮ್ಮದನ್ನು ಬಿಡಿಸಿ ಬೇರೇನನ್ನೋ ಹೇರಲು ಬಂದವನೆಂದು ಜನ ಭಾವಿಸಿದ್ದರೆ ಅವರ ವಿಚಾರ ಸಂಗಮದ ದಡದಲ್ಲೇ ಉಳಿದುಬಿಡುತ್ತಿತ್ತು.

ಪ್ರಭುಗಳು ಮೊದಲು ಮಾಡಿದ್ದು ಅನ್ನದಾನ. ಬಂದವರ ಕುಲಗೋತ್ರ ಕೇಳದೆ ಊಟ ಬಡಿಸುವ ವ್ಯವಸ್ಥೆ ಮಾಣಿಕನಗರದಲ್ಲಿ ನೆಲೆಗೊಂಡಿತು. ಭಕ್ತರು ತಂದೊಪ್ಪಿಸಿದ ಕಾಣಿಕೆಯನ್ನು ಅವರು ಕೂಡಿಡಲಿಲ್ಲ; ಬಂದದ್ದು ಬಂದ ಹಾಗೆಯೇ ಬಡವರಿಗೆ, ಕಲಾವಿದರಿಗೆ, ಸಾಧುಗಳಿಗೆ, ಫಕೀರರಿಗೆ ಹಂಚಿಹೋಗುತ್ತಿತ್ತು ಎಂಬುದು ಅವರ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಉಂಡು, ಆದರ ಪಡೆದು, ಹತ್ತಿರ ಕುಳಿತು ಮಾತಾಡಿದ ಮನುಷ್ಯನಿಗೆ ವಿಚಾರವನ್ನು ಬೇರೆಯಾಗಿ ವಿವರಿಸಿ ಹೇಳಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಪಕ್ಕದ ಎಲೆಯಲ್ಲಿ ಕುಳಿತವನು ಯಾರೆಂಬುದನ್ನು ಕಂಡ ಮೇಲೆ ಅದು ತಾನಾಗಿಯೇ ತಿಳಿಯುತ್ತಿತ್ತು.

ಎರಡನೆಯದು ಭಾಷೆ. ಪ್ರಭುಗಳು ಮರಾಠಿ, ಕನ್ನಡ, ಹಿಂದೂಸ್ತಾನಿ, ಸಂಸ್ಕೃತಗಳಲ್ಲಿ ಪದಗಳನ್ನು ರಚಿಸಿದರು. ಕನ್ನಡದ ರೈತನಿಗೆ ಕನ್ನಡದಲ್ಲಿ, ಮರಾಠಿ ಗೃಹಸ್ಥನಿಗೆ ಮರಾಠಿಯಲ್ಲಿ, ಹೈದರಾಬಾದಿನಿಂದ ಬಂದವನಿಗೆ ಅವನ ನುಡಿಯಲ್ಲಿ ಹಾಡು ಸಿದ್ಧವಿತ್ತು. ಅವರ ಭಜನಾ ಪದ್ಧತಿಯಲ್ಲಿ ವಾರದ ಒಂದೊಂದು ದಿನವೂ ಒಂದೊಂದು ದೈವಕ್ಕೆ ಮೀಸಲು. ಯಾರ ಇಷ್ಟದೈವವೂ ಹೊರಗುಳಿಯದಂತೆ, ಯಾವುದೊಂದೂ ಮಿಕ್ಕವನ್ನು ಕೆಳಗೆ ಮಾಡದಂತೆ ಆ ಕ್ರಮ ರೂಪುಗೊಂಡಿತು. ಸಂಗೀತದ ಮೇಲಿನ ಅವರ ಪ್ರೀತಿ ಮಾಣಿಕನಗರದಲ್ಲಿ ಬೇರೂರಿತು. ದತ್ತ ಜಯಂತಿಯ ದರ್ಬಾರಿನಲ್ಲಿ ಗಾಯಕರು ಸೇವೆ ಸಲ್ಲಿಸುವ ವಾಡಿಕೆ ಇಂದಿಗೂ ಉಳಿದಿದೆ.

ಈ ಪಂಥಕ್ಕೆ ಸಕಲಮತ ಸಂಪ್ರದಾಯವೆಂದು ಹೆಸರು. ಇದರ ತಾತ್ವಿಕ ಬುನಾದಿ ಅದ್ವೈತ ವೇದಾಂತ. ಆದರೆ ಶಾಸ್ತ್ರಾರ್ಥದ ವಾದಕ್ಕೆ ಕರೆದು ಎದುರಾಳಿಯನ್ನು ಸೋಲಿಸುವುದು ಪ್ರಭುಗಳ ದಾರಿಯಾಗಿರಲಿಲ್ಲ. ತನ್ನ ಮತ ಬಿಟ್ಟು ಬಾ ಎಂದು ಯಾರನ್ನೂ ಕರೆಯದಿರುವುದೇ ಈ ಪಂಥದ ತಿರುಳು. ಅವರವರ ಆಚಾರವನ್ನು ಅವರವರು ಪಾಲಿಸುತ್ತ, ಇತರರ ಆಚಾರವನ್ನು ಅಷ್ಟೇ ಗೌರವದಿಂದ ಕಂಡರೆ ಸಾಕು. ಇದರ ಫಲವೆಂಬಂತೆ ದತ್ತಭಕ್ತರು ಪ್ರಭುಗಳಲ್ಲಿ ದತ್ತಾತ್ರೇಯನನ್ನು ಕಂಡರು, ಲಿಂಗಾಯತ ಭಕ್ತರು ಬಸವಣ್ಣನನ್ನು ಕಂಡರು, ಮುಸ್ಲಿಂ ಭಕ್ತರು ಸೂಫಿ ಸಂತ ಮೆಹಬೂಬ್ ಸುಬಾನಿಯನ್ನು ಕಂಡರು ಎಂದು ಸಂಪ್ರದಾಯ ಸ್ಮರಿಸುತ್ತದೆ. ತಮ್ಮವನೆಂದು ಒಪ್ಪಿಕೊಂಡ ಮೇಲೆ ಅವನ ಮಾತನ್ನು ಪರರ ಮಾತೆಂದು ತಳ್ಳಿಹಾಕುವವರು ಯಾರು?

ಖ್ಯಾತಿ ಹೈದರಾಬಾದಿನವರೆಗೂ ಹಬ್ಬಿತು. ನಿಜಾಮರ ಕಡೆಯಿಂದ ಜಹಗೀರು ಕೊಡುವ ಪ್ರಸ್ತಾಪ ಬಂದಾಗ ಪ್ರಭುಗಳು ಅದನ್ನು ಸ್ವೀಕರಿಸಲಿಲ್ಲವೆಂದು ಚರಿತ್ರೆಗಳು ಹೇಳುತ್ತವೆ. ದಿನವೂ ನೂರಾರು ಜನರಿಗೆ ಉಣಬಡಿಸಬೇಕಾದ ಸ್ಥಳಕ್ಕೆ ಖಾಯಂ ಆದಾಯ ಬೇಡವೆನ್ನುವುದು ಸಣ್ಣ ಮಾತಲ್ಲ. ಜಹಗೀರು ಪಡೆದಿದ್ದರೆ ಉಗ್ರಾಣವೇನೋ ತುಂಬುತ್ತಿತ್ತು. ಆದರೆ ಮರುದಿನದಿಂದ ಅವರು ಸರ್ಕಾರದ ಕಡೆಯ ಮನುಷ್ಯರಾಗಿ ಕಾಣುತ್ತಿದ್ದರು. ದೊರೆಗೂ ಕೂಲಿಯವನಿಗೂ ಸಮಾನವಾಗಿ ಬೇಕಾದವರಾಗಿ ಉಳಿಯಲು ಅವರು ತೆತ್ತ ಬೆಲೆ ಅದು.

1865ರ ನವೆಂಬರ್ 29, ಮಾರ್ಗಶಿರ ಶುದ್ಧ ಏಕಾದಶಿಯಂದು ಪ್ರಭುಗಳು ಮಾಣಿಕನಗರದಲ್ಲಿಯೇ ಸಮಾಧಿಸ್ಥರಾದರು. ನಲವತ್ತೆಂಟು ತುಂಬಲು ಕೆಲವೇ ವಾರಗಳು ಉಳಿದಿದ್ದವು. ದತ್ತ ಜಯಂತಿಯ ಜಾತ್ರೆಗೆ ಬಂದ ಜನರಿಗೆ ವ್ಯತ್ಯಯವಾಗದಿರಲೆಂದು ಹುಣ್ಣಿಮೆ ಕಳೆಯುವವರೆಗೆ ವಿಷಯ ಹೊರಗೆಡಹಬಾರದೆಂದು ಅವರೇ ತಿಳಿಸಿದ್ದರೆಂಬ ಕಥನವಿದೆ. ಅತಿಥಿಗಳ ಊಟ ನಿಲ್ಲಬಾರದೆಂಬ ಕಾಳಜಿ ಕಡೆಯ ಗಳಿಗೆಯಲ್ಲೂ ಇತ್ತೆಂದು ಭಕ್ತರು ಇದನ್ನು ನೆನೆಯುತ್ತಾರೆ.

ಪ್ರಭುಗಳು ಬ್ರಹ್ಮಚಾರಿ. ಅವರ ಬಳಿಕ ಪೀಠದ ಹೊಣೆ ತಮ್ಮನ ಮಗ ಮನೋಹರ ಮಾಣಿಕಪ್ರಭುಗಳಿಗೆ ಬಂತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರೂ ಹೋದರು, ಕಲ್ಯಾಣಿಯ ನವಾಬರೂ ಹೋದರು, ಗಡಿಗಳು ಬದಲಾದವು. ಸಂಗಮದ ದಡದ ಪಂಕ್ತಿ ಮಾತ್ರ ಮುಂದುವರಿಯಿತು. 1945ರಿಂದ 2009ರವರೆಗೆ ಪೀಠದಲ್ಲಿದ್ದ ಸಿದ್ಧರಾಜ ಮಾಣಿಕಪ್ರಭುಗಳ ಕಾಲದಲ್ಲಿ ವಸತಿ ಶಾಲೆ, ಅಂಧ ಮಕ್ಕಳ ಶಾಲೆಗಳೂ ಇಲ್ಲಿ ತಲೆಯೆತ್ತಿದವು.

ತನ್ನ ವಿಚಾರವೇ ಸರಿಯೆಂದು ಗಟ್ಟಿಯಾಗಿ ಸಾರುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ಕೇಳುವವನ ಹಸಿವು, ನುಡಿ, ನಂಬಿಕೆಗಳನ್ನು ಮೊದಲು ಅರಿತು ಬಳಿಕ ಬಾಯಿ ತೆರೆದವರು ವಿರಳ. ಮಾಣಿಕಪ್ರಭುಗಳು ಆ ವಿರಳರ ಸಾಲಿಗೆ ಸೇರಿದವರು. ಇಪ್ಪತ್ತು ವರ್ಷಗಳಲ್ಲಿ ಅವರು ಹುಮನಾಬಾದಿನ ಬದಿಯಲ್ಲಿ ಕಟ್ಟಿದ ಸ್ನೇಹವೇ ಅವರ ವಿಚಾರವನ್ನು ನೂರೈವತ್ತು ವರ್ಷಗಳಿಗೂ ಮೀರಿ ಹೊತ್ತು ತಂದಿದೆ.