ಡಿಎನ್‌ಎ ಫೋಟೊ ಗೊತ್ತು, ಹೊಗೆಸೊಪ್ಪಿನ ವೈರಸ್ ಗೊತ್ತೇ? ರೋಸಲಿಂಡ್ ಫ್ರಾಂಕ್ಲಿನ್‌ರ ಕೊನೆಯ ಐದು ವರ್ಷ

ರೋಸಲಿಂಡ್ ಫ್ರಾಂಕ್ಲಿನ್ ಬಗ್ಗೆ ವಾಟ್ಸಾಪ್‌ನಲ್ಲಿ ಬರುವುದು ಹೆಚ್ಚಾಗಿ ಒಂದೇ ಕಥೆ: ಡಿಎನ್‌ಎ ಫೋಟೊ ಅವರದು, ನೊಬೆಲ್ ಬೇರೆಯವರಿಗೆ. ಆ ಫೋಟೊವನ್ನು ಅವರಿಗೆ ತಿಳಿಸದೆ ವಾಟ್ಸನ್‌ಗೆ ತೋರಿಸಿದ್ದು ನಿಜ. ಆದರೆ 1962ರಲ್ಲಿ ನೊಬೆಲ್ ಕೊಡುವಾಗ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು; ತೀರಿಹೋದವರನ್ನು ಆ ಬಹುಮಾನಕ್ಕೆ ಪರಿಗಣಿಸುವುದಿಲ್ಲ. ಕಥೆ ಅಲ್ಲಿಗೇ ನಿಲ್ಲುವುದರಿಂದ ಅವರ ಇನ್ನೊಂದು ದೊಡ್ಡ ಕೆಲಸ ಮರೆತೇಹೋಗುತ್ತದೆ.

1920ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ರೋಸಲಿಂಡ್ ಕೇಂಬ್ರಿಜ್‌ನಲ್ಲಿ ಓದಿದರು, ಕಲ್ಲಿದ್ದಲಿನ ಮೇಲೆ ಸಂಶೋಧನೆ ಮಾಡಿದರು, ಪ್ಯಾರಿಸ್‌ನಲ್ಲಿ ಎಕ್ಸ್‌-ರೇ ತಂತ್ರ ಕಲಿತರು. 1953ರಲ್ಲಿ ಲಂಡನ್‌ನ ಬರ್ಕ್‌ಬೆಕ್ ಕಾಲೇಜಿಗೆ ಬಂದು ಕೈಗೆತ್ತಿಕೊಂಡಿದ್ದು ಟೊಬ್ಯಾಕೊ ಮೊಸಾಯಿಕ್ ವೈರಸ್ (ಟಿಎಂವಿ). ಹೊಗೆಸೊಪ್ಪಿನ ಎಲೆಯಲ್ಲಿ ಮಚ್ಚೆ ಮೂಡಿಸುವ ಈ ವೈರಸ್ 300 ನ್ಯಾನೊಮೀಟರ್ ಉದ್ದದ ಕಡ್ಡಿ. ಒಂದೇ ಬಗೆಯ ಸುಮಾರು 2,130 ಪ್ರೋಟೀನ್‌ಗಳು ಸುರುಳಿ ಮೆಟ್ಟಿಲಿನಂತೆ ಜೋಡಿಕೊಂಡಿರುತ್ತವೆ, ನಡುವೆ ಟೊಳ್ಳು. ಆರ್‌ಎನ್‌ಎ ಇರುವ, ಇಲ್ಲದ ಕಡ್ಡಿಗಳ ಎಕ್ಸ್‌-ರೇ ಚಿತ್ರಗಳನ್ನು ಹೋಲಿಸಿ, ಆರ್‌ಎನ್‌ಎ ಆ ಟೊಳ್ಳಿನಲ್ಲಲ್ಲ, ಪ್ರೋಟೀನ್‌ಗಳ ನಡುವೆಯೇ ಹುದುಗಿದೆ ಎಂದು ಅವರು ತೋರಿಸಿದರು. ಎಲ್ಲ ಕಡ್ಡಿಗಳ ಉದ್ದವೂ ಒಂದೇ ಎಂದು ಬರೆದಾಗ ಹಿರಿಯ ವಿಜ್ಞಾನಿ ನಾರ್ಮನ್ ಪಿರಿ ಸಿಟ್ಟಾದರು. ರೋಸಲಿಂಡ್ ಹಿಂದೆ ಸರಿಯಲಿಲ್ಲ.

ಈಗ ಇದೇ ಕಡ್ಡಿಯನ್ನು ಔಷಧ, ಲಸಿಕೆ ಸಾಗಿಸುವ ನ್ಯಾನೊ ಕಣವಾಗಿ ಬಳಸುವ ಪ್ರಯೋಗಗಳು ನಡೆಯುತ್ತಿವೆ. ಗಿಡದ ವೈರಸ್ ನಮಗೆ ರೋಗ ತರುವುದಿಲ್ಲವಲ್ಲ, ಮತ್ತೇನು ಚಿಂತೆ? ಚಿಂತೆ ಇದೆ. ರೋಗ ಬರದಿದ್ದರೂ ದೇಹ ಅದನ್ನು ಹೊರಗಿನದೆಂದು ಗುರುತಿಸುತ್ತದೆ. ಬೀಡಿ-ಸಿಗರೇಟು ಸೇದುವವರ ರಕ್ತದಲ್ಲಿ ಟಿಎಂವಿ ವಿರುದ್ಧ ಪ್ರತಿಕಾಯಗಳು ಸಿಕ್ಕಿವೆ. ಲಸಿಕೆಗೆ ಇದು ನೆರವಾಗಬಹುದು. ಔಷಧವಾದರೆ ಗುರಿ ತಲುಪುವ ಮೊದಲೇ ದೇಹ ಅದನ್ನು ಹೊರಹಾಕಬಹುದು.

ಇದನ್ನು ಮೊದಲೇ ಅಂದಾಜಿಸಲು ಕಂಪ್ಯೂಟರ್ ಬೇಕು. ಟಿಎಂವಿ ಪ್ರೋಟೀನ್ 158 ಅಮೈನೊ ಆಮ್ಲಗಳ ಸರ. ಸಾಫ್ಟ್‌ವೇರ್ ಅದನ್ನು ಸಣ್ಣ ತುಣುಕುಗಳಾಗಿ ನೋಡಿ, ಯಾವುದು ನಮ್ಮ ಜೀವಕೋಶಗಳ ಎಚ್‌ಎಲ್‌ಎ ಅಣುಗಳಿಗೆ ಅಂಟಬಹುದು ಎಂದು ಅಂಕ ಕೊಡುತ್ತದೆ. ಎಚ್‌ಎಲ್‌ಎ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಹಾಗಾಗಿ ಹಲವು ಬಗೆಗಳಿಗೆ ಲೆಕ್ಕ ಹಾಕಬೇಕು. ಪ್ರತಿಕಾಯ ಎಲ್ಲಿ ಹಿಡಿಯಬಹುದು ಎಂದು ತಿಳಿಯಲು ಸರ ಸಾಲದು; ಯಾವ ಭಾಗ ಹೊರಗಿದೆ, ಯಾವುದು ಒಳಗೆ ಅಡಗಿದೆ ಎಂಬ ನಕ್ಷೆಯೂ ಬೇಕು. ರೋಸಲಿಂಡ್ ಬಿಡಿಸಲು ಹೊರಟಿದ್ದು ಅಂಥದೇ ನಕ್ಷೆ. ಕಂಪ್ಯೂಟರ್ ಕೊಡುವುದು ಅಂದಾಜು ಮಾತ್ರ. ಲ್ಯಾಬಿನ ಪರೀಕ್ಷೆ ತಪ್ಪುವುದಿಲ್ಲ.

ಇದನ್ನೆಲ್ಲ ನೋಡಲು ಅವರಿರಲಿಲ್ಲ. 1956ರಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೇ ಲ್ಯಾಬಿಗೆ ಬರುತ್ತಿದ್ದರು, ಪೋಲಿಯೊ ವೈರಸ್ ಕೆಲಸವನ್ನೂ ಶುರುಮಾಡಿದರು. 1958ರ ಏಪ್ರಿಲ್ 16ರಂದು, 37ನೇ ವಯಸ್ಸಿನಲ್ಲಿ, ತೀರಿಕೊಂಡರು. ಮರುದಿನ ಬ್ರಸೆಲ್ಸ್‌ನಲ್ಲಿ ವಿಶ್ವ ಮೇಳ ಶುರುವಾಯಿತು. ಟಿಎಂವಿಯ ದೊಡ್ಡ ಮಾದರಿಯೊಂದು ಅಲ್ಲಿ ಪ್ರದರ್ಶನಕ್ಕಿತ್ತು. ಅದು ಅವರ ಕೆಲಸ.